ಸುಡದೆ ಇಟ್ಟ ಬಟ್ಟಲು

ಐನ್ ನೊಕ್ಬಿ ಕುಂಬಾರರ ಓಣಿ, ಫೆಸ್
ನವೆಂಬರ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ನಿಮ್ಮ ಇಂಗ್ಲೆಂಡಿನಲ್ಲಿ ಆಗಲೇ ಚಳಿ ಕೂತಿರಬೇಕು, ಮೆಟ್ಟಿಲು ಹತ್ತುವಾಗ ಹುಷಾರು. ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಸೇರುತ್ತಿಲ್ಲ, ಅಷ್ಟೆ. ಯೂನಿವರ್ಸಿಟಿಯ ಮೊದಲ ಟೆಸ್ಟಿಗೆ ಹಾಲ್ ನಂಬರು ಮೂರು ಸಲ ನೋಡಿಕೊಂಡು ಹೋಗಿಯೂ ಬೇರೆ ಹಾಲಿನಲ್ಲಿ ಕೂತಿದ್ದೆ. ಹಾಸ್ಟೆಲು ಮಾತ್ರ ನನಗೆ ಹೊಸದಲ್ಲ. ನೀನು ಹೋದಾಗ ನನಗೆ ಆರು ವರ್ಷ, ಅಲ್ಲಿಂದ ಇಲ್ಲಿಯವರೆಗೆ ಹಾಸ್ಟೆಲಿನ ಮಂಚವೇ. ರೂಮಿನ ಹುಡುಗಿಯರು ನನ್ನನ್ನು ‘ಅರೆಪರಂಗಿ’ ಅನ್ನುತ್ತಾರೆ. “ಏ ಅರೆಪರಂಗಿ, ನಿನ್ನ ಇಂಗ್ಲಿಷ್ ಅರ್ಧ ನನ್ನ ಅಸೈನ್‌ಮೆಂಟಿಗೆ ಕೊಡೇ, ಉಳಿದರ್ಧ ಇಟ್ಕೊಂಡು ನೀನು ಏನ್ ಮಾಡ್ತೀಯ?” ಸಾರಿ, ದೂರು ಹೇಳಲು ಕೂತವಳಲ್ಲ. ನಿನ್ನ ಪತ್ರ ಬಂತು. ಅದನ್ನು ಹನ್ನೊಂದು ಸಲ ಓದಿದೆ. ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ.

ಶನಿವಾರ ಶನಿವಾರ ಬಸ್ಸು ಹಿಡಿದು ಮನೆಗೆ ಬರುತ್ತೇನೆ. ಅಪ್ಪನ ಬಲಗೈ ಮಣಿಕಟ್ಟು ಊದಿಕೊಂಡಿದೆ, ತಿಗರಿಯ ಮುಂದೆ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗುವುದಿಲ್ಲ. ಆದರೂ ಪ್ರವಾಸಿಗರಿಗೆ ನಡೆಸುವ ಮಡಕೆ ಕಲಿಕೆ ನಿಂತಿಲ್ಲ. ನೀನೂ ಇಪ್ಪತ್ತು ವರ್ಷದ ಹಿಂದೆ ಹೀಗೇ ಬಂದು ಕೂತವಳಲ್ಲವೆ? ಎರಡು ಗಂಟೆ ಮಣ್ಣು ಕಲಸಿ, ಒಂದು ಸೊಟ್ಟ ಬಟ್ಟಲು ಮಾಡಿ, ಅಡಿಯಲ್ಲಿ ಕಡ್ಡಿಯಿಂದ ಹೆಸರು ಗೀರಿ ಊರಿಗೆ ಹೋದೆ. ತಿಂಗಳು ಕಳೆದು, ನೀಲಿ ಬಣ್ಣ ಹೊತ್ತು, ಎರಡು ಸಲ ಸುಟ್ಟ ಬಟ್ಟಲು ನಿನ್ನ ಬಾಗಿಲಿಗೆ ಬಂತು. “ಈ ಬಟ್ಟಲೇ ನನ್ನನ್ನ ನಿಮ್ಮಪ್ಪನ ಹತ್ರ ವಾಪಸ್ ಕರ್ಕೊಂಡು ಬಂದಿದ್ದು, ಪುಟ್ಟಾ” ಎಂದು ಎಷ್ಟು ಸಲ ಹೇಳಿದ್ದೆ! ಬಿಟ್ಟು ಹೋಗುವಾಗಲೂ ಅದನ್ನು ಸ್ವೆಟರಿನಲ್ಲಿ ಸುತ್ತಿ, ಪೆಟ್ಟಿಗೆಯ ನಟ್ಟನಡುವೆ ಇಟ್ಟು ಒಯ್ದೆ. ನಾನು ಪಕ್ಕದಲ್ಲೇ ನಿಂತು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡಿದ್ದೆ.

ಈ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮಾತು ನಿನಗೆ ಗೊತ್ತಿಲ್ಲ. ಆವಿಗೆಯಲ್ಲಿ ಉರಿಸುವ ಆಲಿವ್ ಹಿಂಡಿಯ ಹೊಗೆಗೆ ಕೆಮ್ಮು ಬರುತ್ತದೆಂದು, ಮದುವೆಯಾದ ಮೇಲೆ ನೀನು ಮನೆಯಿಂದ ಈ ಕೆಲಸದ ಅಂಗಳಕ್ಕೆ ಇಳಿದವಳೇ ಅಲ್ಲವಲ್ಲ. ಪ್ರವಾಸಿಗರು ಮಾಡಿದ್ದನ್ನು ನಾವು ಸುಡುವುದಿಲ್ಲ, ಅಮ್ಮ. ಗೋಡೆ ದಪ್ಪ, ಒಳಗೆ ಗಾಳಿ. ಆವಿಗೆಯಲ್ಲಿ ಸಿಡಿದರೆ ಪಕ್ಕದ ಹತ್ತನ್ನು ಒಡೆಯುತ್ತದೆ. ಅವರು ಬೀದಿಯ ತಿರುವು ದಾಟಿದ ಮೇಲೆ ಎಲ್ಲವನ್ನೂ ಮಣ್ಣು ನೆನೆಹಾಕುವ ಗುಂಡಿಗೆ ಹಾಕುತ್ತೇವೆ. ಮೊದಲೇ ತೆಗೆದಿಟ್ಟ ಫೋಟೊ ನೋಡಿಕೊಂಡು ಅಷ್ಟೇ ಸೊಟ್ಟಗೆ, ಅಲ್ಲಲ್ಲೇ ಬೆರಳಿನ ಗುರುತು ಮೂಡಿಸಿ, ಅದೇ ಹೆಸರು ಗೀರಿ ಇನ್ನೊಂದು ಮಾಡುತ್ತೇವೆ. ಅಂಚೆಯಲ್ಲಿ ಹೋಗುವುದು ಅದು. “ನೆಟ್ಟಗೆ ಮಾಡೋದು ಸುಲಭ ಮಗಳೇ, ಸೊಟ್ಟ ಮಾಡೋದಕ್ಕೆ ಕೈ ಒಪ್ಪಲ್ಲ” ಅನ್ನುತ್ತಾನೆ ಅಪ್ಪ. ಈಗ ಆ ಕೆಲಸ ನನ್ನದು. ಬಣ್ಣ ಬರೆಯುವ ತಾಮು ಅತ್ತೆಗೆ ಅದೇ ನಗು: “ನಿನಗೇನಮ್ಮ ಕಷ್ಟ? ನಿನ್ನ ಕೈ ಹುಟ್ಟಾ ಸೊಟ್ಟ, ದೇವರ ದಯೆ!” ಹೋದ ತಿಂಗಳು ಹೆದರಿ ಹೆದರಿ ಒಂದನ್ನು ಸ್ವಲ್ಪ ಚೆನ್ನಾಗಿ ಮಾಡಿಬಿಟ್ಟೆ. ಹಾಲೆಂಡಿನ ಅಜ್ಜಿಯೊಬ್ಬರು ಬರೆದರು: ಇದು ನನ್ನದಲ್ಲ, ನನ್ನದು ಇದಕ್ಕಿಂತ ಕೆಟ್ಟದಾಗಿತ್ತು. ಅತ್ತೆ ಅದನ್ನು ಓಣಿಗೆಲ್ಲ ಓದಿ ಹೇಳಿದಳು.

ಹಾಗಾಗಿ, ನಿನ್ನ ಕಿಟಕಿಯಲ್ಲಿರುವ ಬಟ್ಟಲು ಅಪ್ಪನದು. ಬಂದವರಿಗೆಲ್ಲ ‘ನಾನೇ ಮಾಡಿದ್ದು’ ಎಂದು ತೋರಿಸುತ್ತೀಯಲ್ಲ, ಅದು. ನೀನು ನಿಜವಾಗಿ ಮಾಡಿದ್ದನ್ನು ಅವನು ಗುಂಡಿಗೆ ಹಾಕಲಿಲ್ಲ, ಸುಡಲೂ ಇಲ್ಲ. ಇಷ್ಟು ವರ್ಷ ಆವಿಗೆಯ ಹಿಂದಿನ ಅಟ್ಟದ ಮೇಲೆ ತನ್ನ ಹಳೇ ನಿಲುವಂಗಿ ಜಲ್ಲಾಬದಡಿ ಮುಚ್ಚಿಟ್ಟಿದ್ದ. ನೀರು ತಾಕಿಸುವಂತಿಲ್ಲ, ಬೆಂಕಿ ತಾಕಿಸುವಂತಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಅವಳು ಬಂದದ್ದೇ ಬಟ್ಟಲು ನಂಬ್ಕೊಂಡು. ಹೇಳಿದ್ರೆ ಹೋಗ್ತಾಳೆ ಅಂತ ಹೆದರಿಕೆ ಇತ್ತು.” ಆಮೇಲೆ ತಾನೇ ನಕ್ಕು, “ಹೇಳದೇ ಇದ್ದಾಗ್ಲೂ ಹೋದ್ಲು, ಬಿಡು” ಎಂದ.

ಈಗ ನಿನ್ನ ಪತ್ರ. ಡಿಸೆಂಬರ್ ಇಪ್ಪತ್ತಕ್ಕೆ ಈಗಿನ ಗಂಡನ ಜೊತೆ, ಅವರ ಮಕ್ಕಳ ಜೊತೆ ಇದೇ ಕಲಿಕೆಗೆ ಬರುತ್ತಿದ್ದೀಯ, ಸಂತೋಷ. ಅವರಿಗೆ ನನ್ನ ವಿಷಯ ಇನ್ನೂ ಹೇಳಿಲ್ಲ, ಸಮಯ ನೋಡಿ ಹೇಳುತ್ತೀಯ, ಅಲ್ಲಿಯವರೆಗೆ ನಾನು ದುಭಾಷಿ ಹುಡುಗಿಯ ಹಾಗೆ ನಿಂತಿರಬೇಕು. ‘ನಿನಗೆ ಅರ್ಥವಾಗುತ್ತದೆ, ನೀನು ಜಾಣೆ’ ಎಂದು ಬರೆದಿದ್ದೀಯ. ಅರ್ಥವಾಯಿತು. ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದೆ: “ವೆಲ್‌ಕಮ್ ಮೇಡಂ, ತೋಳು ಮಡಚಿಕೊಳ್ಳಿ ಮೇಡಂ.” ಮೂರನೆಯ ಮೇಡಂ ಬರುವಷ್ಟರಲ್ಲಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ. ಹನ್ನೆರಡು ವರ್ಷ ಯಾವ ಫಾರ್ಮಿನಲ್ಲೂ ತಾಯಿಯ ಹೆಸರಿನ ಸಾಲನ್ನು ನಾನು ಖಾಲಿ ಬಿಟ್ಟವಳಲ್ಲ, ಅಮ್ಮ.

ಅಪ್ಪ ನಿನಗೆ ಸಲಾಮು ಹೇಳಲು ಹೇಳಿದ್ದಾನೆ, ಮಂಡಿಗೆ ಬಿಸಿ ಆಲಿವ್ ಎಣ್ಣೆ ಹಚ್ಚಬೇಕಂತೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ನಿಸ್ರೀನ್

ಮರೆತಿದ್ದೆ, ಬಸ್ಸಿಗೆ ಹೊತ್ತಾಯಿತು: ನಿನ್ನ ಬಟ್ಟಲನ್ನು ನಿನ್ನೆ ನಾನೇ ಗುಂಡಿಗೆ ಹಾಕಿದೆ. ಚಹಾ ಕುದಿಯುವಷ್ಟರಲ್ಲಿ ಕರಗಿಹೋಯಿತು. ಅಪ್ಪ ನೋಡಿದ, ಬೈಯಲಿಲ್ಲ. “ಒಣಗಿದ ಮಣ್ಣು ಬೇಗ ಕರಗುತ್ತೆ ಮಗಳೇ, ಹಸಿ ಮಣ್ಣೇ ಹಠ ಮಾಡೋದು” ಎಂದು ಪ್ಯಾಂಟು ಮೇಲೆತ್ತಿಕೊಂಡು ತುಳಿಯಲು ಇಳಿದ. ಇಪ್ಪತ್ತರ ಹೊತ್ತಿಗೆ ಆ ಮಣ್ಣು ಹದಕ್ಕೆ ಬಂದಿರುತ್ತದೆ. ಎಲ್ಲರೆದುರು ನನ್ನನ್ನು ಮಗಳೇ ಎಂದು ಕರೆಯುವುದಾದರೆ ಬರೆ, ನಾನು ಇರುತ್ತೇನೆ. ಇಲ್ಲವಾದರೆ ದುಭಾಷಿ ಬೇರೆಯವಳು ಇರುತ್ತಾಳೆ. ಯಾವುದಾದರೂ ಸರಿ, ನಿನಗೆ ಅಂಚೆಯಲ್ಲಿ ಬರುವ ಬಟ್ಟಲನ್ನು ಮಾತ್ರ ನಾನೇ ಮಾಡುತ್ತೇನೆ.