ಎರಡು ಸಲ ನೂರಮೂವತ್ತು

ಮಾರ್ಚ್ 4, ಬೆಳಿಗ್ಗೆ 6:10

ಆರು ಸಿಲಿಂಡರ್ ತುಂಬಿಸಿದ್ದಾಯ್ತು. ಮೇಷ್ಟ್ರು ಆಗಲೇ ಹಾಜರ್ — ರಿಟೈರಾದ ಮೇಲೆ ಡೈವಿಂಗ್ ಕಲಿಯೋ ಹುಚ್ಚು. ಕೈಯಲ್ಲಿ ಹೊಸ ಡೈವ್ ಕಂಪ್ಯೂಟರ್. ಸಿಲಿಂಡರ್ ಬಾಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್. ಎಷ್ಟು ಗಾಳಿ ಉಳಿದಿದೆ ಅಂತ ಮಣಿಕಟ್ಟಿಗೇ ಬರುತ್ತೆ, ವೈರಿಲ್ಲದೆ.

ಡೈವಿಂಗ್ ಅಂಗಡಿ ಅಣ್ಣನದು, ಆರ್ಡರೂ ಅವನದೇ: ಗಾಳಿ ತೋರಿಸೋ ಹಳೇ ಮುಳ್ಳಿನ ಮೀಟರೂ ಇರಲಿ.

"ಎರಡು ದೋಣಿ ಮೇಲೆ ಕಾಲು ಯಾಕಮ್ಮಾ?" ಅಂದ್ರು ಮೇಷ್ಟ್ರು.

ನಕ್ಕೆ. ಮೀಟರ್ ಬಿಚ್ಚಿಟ್ಟೆ. ಅಣ್ಣ ನೋಡಲಿಲ್ಲ.

ಮಧ್ಯಾಹ್ನ 2

ಈಗಷ್ಟೇ ದಡ ಸೇರಿದ್ವಿ.

ಹದಿನೆಂಟು ಮೀಟರ್ ಆಳ. ಗಾಳಿ ಎಷ್ಟಿದೆ ಅಂತ ಸನ್ನೆ ಮಾಡಿದೆ. ಮಣಿಕಟ್ಟು ತೋರಿಸಿದ್ರು — 130. ಸಿಲಿಂಡರ್ ತುಂಬಿದ್ದಾಗ 200. ಸುಮಾರು ಹೊತ್ತು ಬಿಟ್ಟು ಮತ್ತೆ ಕೇಳಿದೆ — 130. ತಿದಿ ಒತ್ತಿದ ಹಾಗೆ ಉಸಿರಾಡೋ ಮನುಷ್ಯ... ಆಮೇಲೆ ಅಂಕಿನೇ ಮಾಯ. ಬರೀ ಎರಡು ಗೀಟು. ನಂಬಲಾ, ಬಿಡಲಾ? ನನ್ನ ಸಿಲಿಂಡರಿನ ಸ್ಪೇರ್ ರೆಗ್ಯುಲೇಟರ್ ಅವರ ಬಾಯಿಗಿಟ್ಟು ಮೇಲೆ ಕರ್ಕೊಂಡು ಬಂದೆ.

ಬೋಟಲ್ಲಿ ಕೆಂಡಾಮಂಡಲ. "ನೂರಮೂವತ್ತಿತ್ತಲ್ಲಮ್ಮ! ಯಾಕೆ ಎಳ್ಕೊಂಡು ಬಂದೆ?"

ಅವರ ಸಿಲಿಂಡರಿಗೆ ಮುಳ್ಳಿನ ಮೀಟರ್ ಹಚ್ಚಿ ತೋರಿಸಿದೆ. 20.

ಹಲಗೆ ಮೇಲೆ ಕೂತುಬಿಟ್ರು.

ಮಾರ್ಚ್ 5

ಅಣ್ಣ ಆ ಟ್ರಾನ್ಸ್‌ಮಿಟರನ್ನ ನೀರಿನ ತೊಟ್ಟೀಲಿಟ್ಟು ನಲವತ್ತು ಸಲ ಟೆಸ್ಟ್ ಮಾಡಿದ. ಒಂದು ಸಲವೂ ತಪ್ಪಲಿಲ್ಲ. ಬ್ಯಾಟರಿನೂ ಹೊಸದು. ಕಂಪನಿಗೆ ಫೋನ್ ಮಾಡಿದೆ.

"ಸಿಗ್ನಲ್ ಒಮ್ಮೊಮ್ಮೆ ಹೋಗುತ್ತೆ ಮೇಡಂ, ಆಗ ಸ್ವಲ್ಪ ಹೊತ್ತು ಹಳೇ ಅಂಕಿನೇ ನಿಂತಿರುತ್ತೆ, ಮತ್ತೆ ಬರುತ್ತೆ."

"ಯಾವಾಗ ಹೋಗುತ್ತೆ?"

"ಹೇಳಕ್ಕಾಗಲ್ಲ."

ಕೆಟ್ಟಿದ್ರೆ ಬಿಸಾಡಬಹುದಿತ್ತು. ಇದು ಸರಿಯಾಗೇ ಇದೆ! ತಲೆಯೆಲ್ಲ ಕಲಸುಮೇಲೋಗರ.

ಮಾರ್ಚ್ 11

ಇನ್ನು ಬರಲ್ಲ ಅಂದ್ಕೊಂಡಿದ್ದೆ. ಬಂದ್ರು ಮೇಷ್ಟ್ರು.

"ಮೂವತ್ತು ವರ್ಷ ಲೆಕ್ಕ ಹೇಳ್ಕೊಟ್ಟವನು ನಾನು. ಒಂದೇ ಅಂಕಿ ಎರಡು ಸಲ ಬಂದ್ರೂ ಅನುಮಾನ ಬರಲಿಲ್ಲ ನೋಡು." ಅಷ್ಟೇ. ನೆಟ್ಟಗೆ ಅಣ್ಣನ ರೂಮಿಗೆ ಹೋದ್ರು.

ಅವರು ಹೊರಟ ಮೇಲೆ ಅಣ್ಣ ಬಂದ. "ಮೀಟರ್ ಅವರೇ ಕದ್ದು ಬಿಚ್ಚಿದ್ರಂತೆ. ನಿಂಗೆ ಗೊತ್ತಿತ್ತಾ?"

ಇಲ್ಲ ಅಂದೆ.

ಯಾಕಂದೆ? ಅವರು ಯಾಕೆ ಹಾಗಂದ್ರು? ನನ್ನ ತಪ್ಪು ಹೊತ್ಕೊಳ್ಳಿ ಅಂತ ನಾನು ಕೇಳಿಯೇ ಇಲ್ಲ...

"ಹೇಳಿದ ಮಾತು ಕೇಳದವರಿಗೆ ನೀರು ಬೇಡ. ಅವರ ಡೈವಿಂಗ್ ಇವತ್ತಿಗೇ ಬಂದ್," ಅಂದ ಅಣ್ಣ.

ಸಂಜೆ 5

ಅಣ್ಣ ಡೈವಿಂಗ್ ಕಲಿಯೋರ ಹೆಸರಿನ ಬೋರ್ಡ್ ಮುಂದೆ ನಿಂತಿದ್ದಾನೆ, ಕೈಯಲ್ಲಿ ಒದ್ದೆ ಬಟ್ಟೆ. ಮೇಷ್ಟ್ರ ಹೆಸರು ಅರ್ಧ ಹೋಗಿದೆ. ಹೇಳಿಬಿಡ್ತೀನಿ. ಈಗಲೇ. ಅಣ್ಣಾ, ಬಿಚ್ಚಿದ್ದು ಅವರಲ್ಲ —