ನಡಾವಳಿಗೆ ನನ್ನ ಸಹಿ

ಮಾರ್ಚ್ 3, ಸೋಮವಾರ
ಮತ್ತೆ ಭುಜ ನೋವು. ಬೆಳಿಗ್ಗೆಯಿಂದ ಒದ್ದೆ ಮೂಟೆ ಎತ್ತಿದ್ದೇ ಎತ್ತಿದ್ದು. ಈ ಆಸ್ಪತ್ರೆಯ ಲಾಂಡ್ರಿಗೆ ಸೇರಿ ಹನ್ನೊಂದು ವರ್ಷ.

ಒಂಬತ್ತರ ಕಾಫಿಗೆ, ನನ್ನ ಜೊತೆ ಮಡಿಚುವ ಮಾಯ್ಕೆನ್ ಏಲಕ್ಕಿ ಬನ್ ತಂದಿದ್ದಳು. ನರ್ಸ್‌ಗಳು ಸೈಜ್ ಹುಡುಕಲು ಹೋಗಿ, ನಾವು ಮಡಿಚಿಟ್ಟ ಅಂಗಿಗಳನ್ನೆಲ್ಲ ಕೆದಕಿ ಬಿಸಾಕುತ್ತಾರೆ ಎಂದು ಅವಳ ಗೊಣಗಾಟ. ನಾನು ಹೇಳಿದೆ — ಕಾಲರ್ ಮೇಲೆ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಹಾಕಿದರಾಯಿತು. ಸಣ್ಣದಕ್ಕೆ ಹಸಿರು, ದೊಡ್ಡದಕ್ಕೆ ಕೆಂಪು. ಮಡಿಕೆ ಬಿಚ್ಚುವುದೇ ಬೇಡ. ನಮ್ಮ ಪಾಳಿಯ ಮೇಲ್ವಿಚಾರಕ ಟೋರ್ಕೆಲ್ ಪಕ್ಕದಲ್ಲಿ ಮೂರನೇ ಬನ್ ತಿನ್ನುತ್ತಿದ್ದ.

ಮಾರ್ಚ್ 13, ಗುರುವಾರ
ತಿಂಗಳ ಮೀಟಿಂಗ್. ನಡಾವಳಿ ಬರೆಯುವವಳು ನಮ್ಮ ಮುಖ್ಯಸ್ಥೆ ಹಿಲ್ಲೆವಿ. ಅದನ್ನು ಪರಿಶೀಲಿಸಿ ಸಹಿ ಹಾಕಲು ಪ್ರತಿ ಸಲ ಒಬ್ಬರನ್ನು ಆರಿಸಬೇಕು. ಎಲ್ಲರೂ ತಲೆ ತಗ್ಗಿಸಿ ಕೂತರು. ನಾನು ತಲೆ ಎತ್ತಿದ್ದೇ ತಪ್ಪಾಯಿತು. "ಇಂಗೆಲಾ ಮಾಡ್ತಾಳೆ" ಎಂದು ಹಿಲ್ಲೆವಿ ನನ್ನನ್ನೇ ತೋರಿಸಿದಳು.

ಕೊನೆಗೆ ಟೋರ್ಕೆಲ್ ಗಂಟಲು ಸರಿಮಾಡಿಕೊಂಡ. "ನಂಗೊಂದು ಯೋಚ್ನೆ ಬಂದಿದೆ. ಕಾಲರ್‌ಗೆ ಬಣ್ಣದ ದಾರ…"

ಎಲ್ಲರಿಗೂ ಹಿಡಿಸಿತು. ಮೂರು ತಿಂಗಳ ಪ್ರಯೋಗವಂತೆ. ಯೋಚನೆ ಯಾರದೋ ಅವರೇ ಹೊಲಿಗೆ ಕೋಣೆಯಲ್ಲಿ ಕೂತು ನಡೆಸಬೇಕಂತೆ. ಇಡೀ ಲಾಂಡ್ರಿಯಲ್ಲಿ ಕಿಟಕಿ ಇರುವುದು ಆ ಕೋಣೆಗೊಂದೇ. ಅಲ್ಲಿ ಮೂಟೆ ಎತ್ತಬೇಕಿಲ್ಲ. ನನ್ನ ಭುಜ ಉಳಿಯುತ್ತಿತ್ತು.

ಮಾಯ್ಕೆನ್ ಮೇಜಿನ ಕೆಳಗೆ ನನ್ನ ಕಾಲಿಗೆ ಒದ್ದಳು. ಆದರೂ ನಾನು ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು.

ಮಾರ್ಚ್ 14
ನಡಾವಳಿ ಬಂತು. 'ದಾರದ ಯೋಚನೆ: ಟೋರ್ಕೆಲ್.' ಕೆಳಗೆ ನನ್ನ ಸಹಿಗೆ ಗೆರೆ.

"ಸಹಿ ಹಾಕಿದ್ರೆ ಮುಗೀತು ಕಣೇ," ಅಂದಳು ಮಾಯ್ಕೆನ್. "ನೀನೇ ಕೈಯಾರೆ ಬರ್ಕೊಟ್ಟಂಗೆ."

"ನಂದು ನಂದು ಅಂತ ಹೆಂಗೆ ಹೇಳ್ಕೊಳ್ಲಿ? ಜಂಬ ಅಂತಾರೆ."

"ಜಂಬ ಪಡ್ಬೇಡ. ಸುಳ್ಳಿಗೆ ಸಹಿ ಹಾಕ್ಬೇಡ, ಅಷ್ಟೆ."

ಹೇಳುವುದು ಸುಲಭ. ಸ್ವೀಡನ್ನಿನಲ್ಲಿ ಕಳ್ಳನನ್ನು ಬೇಕಾದರೆ ಕ್ಷಮಿಸುತ್ತಾರೆ, ಜಂಬದವಳನ್ನಲ್ಲ.

ಮಾರ್ಚ್ 18, ಮಧ್ಯಾಹ್ನ
ನಡಾವಳಿಯ ಕಾಗದ ನಾಲ್ಕು ದಿನ ನನ್ನ ಚೀಲದಲ್ಲೇ ಇತ್ತು. ಹಿಲ್ಲೆವಿ ಎರಡು ಸಲ ಕೇಳಿದಳು.

ಇವತ್ತು ಟೋರ್ಕೆಲ್ ತನ್ನ ಕಾಫಿ ಮಗ್ಗನ್ನು ಹೊಲಿಗೆ ಕೋಣೆಯ ಕಿಟಕಿಗೆ ಸಾಗಿಸಿದ. ನೋಡಿ ಮೈಯೆಲ್ಲ ಉರಿಯಿತು. ನಿಂತಲ್ಲೇ ಆ ಸಾಲು ಹೊಡೆದು ಬರೆದೆ — 'ಮೀಟಿಂಗಿನಲ್ಲಿ ಹೇಳಿದವನು ಟೋರ್ಕೆಲ್. ಯೋಚನೆ ಇಂಗೆಲಾಳದು, ಮಾರ್ಚ್ 3ರ ಕಾಫಿ ಹೊತ್ತಿನದು.' ಸಹಿ ಸೊಟ್ಟಗಾಯಿತು. ಹಾಗೇ ಒಯ್ದು ಕೊಟ್ಟೆ.

ಹಿಲ್ಲೆವಿ ಓದಿ ಅವನನ್ನು ಕರೆದಳು. ಅವನ ಕಿವಿ ಕೆಂಪಾಯಿತು.

"ಹೌದು, ಅವಳೇ ಹೇಳಿದ್ದು. ಮೀಟಿಂಗಲ್ಲಿ ಸುಮ್ನೆ ಕೂತಿದ್ಲು. ಬೇಡವೇನೋ ಅಂದ್ಕೊಂಡೆ."

"ಬೇಕು," ಅಂದೆ.

ಅಷ್ಟೇ ಅಂದದ್ದು. ಯಾರೂ ನಗಲಿಲ್ಲ, ಛಾವಣಿ ಕುಸಿಯಲಿಲ್ಲ.

"ಹಾಗಾದ್ರೆ ಕೋಣೆ ಇವಳ್ದು," ಅಂದಳು ಹಿಲ್ಲೆವಿ. "ಟೋರ್ಕೆಲ್, ನಿನ್ನ ಮಗ್ ತಗೊಂಡ್ಹೋಗು."

ಎಷ್ಟು ಹಗುರ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಇಳಿಯುವ ನಿಲ್ದಾಣ ಆಗಲೇ ದಾಟಿಹೋಗಿದೆ.

ಮಾರ್ಚ್ 24, ಹೊಲಿಗೆ ಕೋಣೆ
ಊಟದ ಹೊತ್ತಿಗೆ ನಲವತ್ತು ಕಾಲರ್ ಮುಗಿಸಿದೆ. ಭುಜ ತೆಪ್ಪಗಿದೆ. ಟೋರ್ಕೆಲ್ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲು ಸಂಕೋಚ.

"ನಡುವಿನ ಸೈಜ್‌ಗೆ ಹಳದಿ ಹಾಕಿದ್ರೆ?"

ಒಳ್ಳೆಯ ಯೋಚನೆ, ನನಗೆ ಹೊಳೆದಿರಲಿಲ್ಲ. ಪ್ರಯೋಗದ ಪುಸ್ತಕದಲ್ಲಿ ಅವನೆದುರೇ ಬರೆದೆ: 'ಹಳದಿ — ಟೋರ್ಕೆಲ್.' ಬಗ್ಗಿ ಎರಡು ಸಲ ಓದಿದ.

"ತಾರೀಖೂ ಹಾಕು," ಅಂದ.

ನಗು ತಡೆಯಲಾಗದೆ ಅದನ್ನೂ ಬರೆದೆ: ಮಾರ್ಚ್ 24.