ಬೈದರೆ ಹಾಲು ಕೊಡುವ ಎಮ್ಮೆ

ಜುಗೂಳ, ತೋಟದ ಮನೆ
ನವೆಂಬರ್ ೧೮, ೨೦೨೪

ನಿಪ್ಪಾಣಿಯಲ್ಲಿ ದಾರಿ ಕಾಯುತ್ತಿರುವ ಅವ್ವನಿಗೆ ಹಿರಿಯ ಮಗಳು ಬ್ರಾಹ್ಮಿಯ ಜಯ ಜಿನೇಂದ್ರ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ನಾಲ್ಕು ಕೇಳುತ್ತೀ. ಕಾಗದದಲ್ಲಿ ನಿನಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಹೇಗೂ ಕೇಳುವವಳೇ, ಮೊದಲೇ ಹೇಳಿಬಿಡುತ್ತೇನೆ: ನಿನ್ನ ಹಿರಿಯ ಅಳಿಯ ಕುಣಾಲರು ಸಾಂಗಲಿಯಲ್ಲಿ ಆರಾಮಿದ್ದಾರೆ. ಅವರು ಯಾವಾಗಲೂ ಆರಾಮವೇ.

ತಂಗಿ ಅಪೂರ್ವಳಿಗೆ ಬಿ.ಪಿ. ಏರಿದೆ, ಏಳು ತಿಂಗಳ ಬಸುರಿ, ಆಸ್ಪತ್ರೆಯ ಹತ್ತಿರವಿರಲಿ, ಹೋಗಿ ಕರೆದುಕೊಂಡು ಬಾ ಎಂದು ನೀನು ನನ್ನನ್ನು ಕಳಿಸಿದೆ. ಒಂದು ದಿನದ ಕೆಲಸ ಅಂದುಕೊಂಡು ಬಂದೆ. ವಾರ ಕಳೆಯಿತು. ಅಡ್ಡ ನಿಂತವರು ಬೀಗರಲ್ಲ, ಎಮ್ಮೆ.

ಇವರ ಸಂಸಾರ ಗೊತ್ತಲ್ಲ, ಅಂಗಡಿಯಿಂದ ಬರುವುದು ಉಪ್ಪು ಮತ್ತು ಚಹಾಪುಡಿ ಮಾತ್ರ. ಜೋಳ, ಬೇಳೆ, ಬೆಲ್ಲ, ಕುಸುಬಿ ಎಣ್ಣೆ ಎಲ್ಲ ಹೊಲದ್ದೇ. 'ನೆಲ ನಂಬಿದ ಬದುಕು' ಎಂದು ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ತಗೊಂಡವಳು ನಾನು. ನೆಲ ನಂಬಿದವರಿಗೆ ನೆಲಕ್ಕೆ ಬೆನ್ನು ಹಚ್ಚಲು ಪುರಸತ್ತಿಲ್ಲ ಎಂಬ ಮಾತು ಆ ಭಾಷಣದಲ್ಲಿ ಇರಲಿಲ್ಲ. ಮೇವು, ಸೆಗಣಿ, ನೀರು. ಹೊತ್ತು ಮುಳುಗುವ ಮೊದಲೇ ಊಟವಾಗಬೇಕಾದ್ದರಿಂದ ಮಧ್ಯಾಹ್ನದ ಪಾತ್ರೆ ಆರುವುದರೊಳಗೆ ಮತ್ತೆ ಒಲೆ. ಈ ಸೊಂಟ ನನ್ನದೇ ಎಂದು ನಂಬಲು ಆಗುತ್ತಿಲ್ಲ.

ಎಮ್ಮೆ ಪಂಢರಪುರಿ ತಳಿಯದು, ಕತ್ತಿಯಂಥ ಕೋಡು. ಹೆಸರು ಶಾಂತಿ. ಹೆಸರಿಗೂ ಸ್ವಭಾವಕ್ಕೂ ಎಂದೋ ಸೋಡಚೀಟಿ ಆಗಿ ಸಂಬಂಧ ಹರಿದಿದೆ. ಕರು ಸತ್ತಂದಿನಿಂದ ಅಪೂರ್ವ ಒಬ್ಬಳಿಗೇ ಹಾಲು ಬಿಡುತ್ತದೆ. ಅವಳ ಅತ್ತೆ ಸೋನಾಬಾಯಿಯವರ ಬೆರಳು ಮಡಚುವುದಿಲ್ಲ. ಗಂಡ ಸಮ್ಮೇದ ಹತ್ತಿರ ಹೋದರೆ ಒದೆಯುತ್ತದೆ. ಹಿಂಡದೆ ಬಿಟ್ಟರೆ ಕೆಚ್ಚಲು ಬಾತು ಕೆಡುತ್ತದೆ. "ಅದರ ಕರು ಹೋಗೇತಿ. ನಾನೂ ಹೋದ್ರ ಅದಕ್ಕ ಯಾರದಾರ, ಅಕ್ಕಾ?" ಎಂದು ಇವಳು ತನ್ನ ಬಾತ ಕಾಲು ಚಾಚಿ ಕೂತಳು. ಅದು ಇನ್ನೊಬ್ಬರಿಗೆ ಹಾಲು ಕೊಡುವವರೆಗೂ ತವರಿಗೆ ಬರುವುದಿಲ್ಲವಂತೆ.

ಇಲ್ಲೊಂದು ಉಪಾಯವಿದೆ. ಹಿಂಡುವವಳ ಒಗೆಯದ ಸೀರೆ ಉಟ್ಟು ಕೂತರೆ ಎಮ್ಮೆ ವಾಸನೆಗೆ ಮೋಸಹೋಗುತ್ತದೆ. ಉಟ್ಟೆ. "ಬಾರಮ್ಮಾ ಶಾಂತಿ, ಬಂಗಾರ" ಎಂದು ಮುದ್ದಿಸಿದೆ. ಹಾಲಿನ ಚರಿಗೆ ಹಾರಿ ಮೇವಿನ ಗೋದಲಿಗೆ ಬಿತ್ತು, ಹಿಂದೆಯೇ ನಾನು.

ಸೋನಾಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನಿನ್ನ ತಂಗಿ ಅದನ್ನ ಹಿಂಗ ಮಾತಾಡ್ಸೂದಿಲ್ಲ ಬೇ, ಬೈತಾಳ! ಬೈದ್ರನ ಅದಕ್ಕ ಮನೀ ಮಂದಿ ಅನ್ನಿಸ್ತೈತಿ. ನೀ ಬ್ಯಾಂಕಿನ ಸಾಹೇಬ್ರಗತೆ ಮಾತಾಡಿದ್ರ ಯಾ ಎಮ್ಮಿ ಹಾಲು ಕೊಟ್ಟೀತು?"

ನನಗೆಲ್ಲಿಯ ಬೈಗುಳ ಅವ್ವಾ? 'ಶಾಣ್ಯಾ ಹುಡುಗಿ' ಎಂದು ಬೆಳೆಸಿದವಳು ನೀನೇ. "ಎಲೈ ಮೂರ್ಖ ಎಮ್ಮೆಯೇ" ಅಂದೆ. ಅದು ಕಿವಿಯನ್ನೂ ಆಡಿಸಲಿಲ್ಲ. "ಅಕ್ಕಾರ, ಅದು ಕಾಲೇಜ ಕಲ್ತಿಲ್ರಿ" ಎಂದು ಸಮ್ಮೇದ ಗೋಡೆಯಾಚೆಯಿಂದ ಕೂಗಿದ.

ಇಂದು ಮುಂಜಾನೆ ಮತ್ತೆ ಒದೆಯಿತು, ಮೊಣಕೈ ತರಚಿತು. ಸಾಕಾಗಿಹೋಗಿತ್ತು. ಬಾಯಿ ತಾನೇ ತೆರೆಯಿತು. "ಎಷ್ಟ ಮಾಡಿದ್ರೂ ನಿನಗ ಸಾಲೂದಿಲ್ಲ ಅಲ್ಲ? ಮುಂಜಾನೆದ್ದು ಡಬ್ಬಿ ಕಟ್ಟಬೇಕು, ನಿನ್ನ ಅಂಗಿ ಇಸ್ತ್ರಿ ಮಾಡಬೇಕು, ಮ್ಯಾಲೆ ನಿನ್ನ ಮಾರಿ ನೋಡಿ ಬಾಯಿ ಮುಚ್ಚಬೇಕು! ನಾಕ ಮಂದಿ ಮುಂದ ನನ್ನ ಹುಚ್ಚಿ ಅಂತಿ? ನಾ ಏನ್ ನಿನ್ನ ಮನೀ ಬಾಗಿಲದ ಕಾಲೊರಸು ಏನ್ಲೇ?"

ಎಮ್ಮೆಗೆ ಯಾವ ಅಂಗಿ ಎಂದು ಕೇಳಬೇಡ.

ಶಾಂತಿ ಕಿವಿ ನಿಗುರಿಸಿತು. ಆಮೇಲೆ ಮೆಲ್ಲಗೆ ಮೆಲುಕು ಹಾಕತೊಡಗಿತು. ಹಾಲು ಇಳಿಯಿತು. ಚರಿಗೆ ತುಂಬಿದರೂ ನನ್ನ ಬಾಯಿ ನಿಂತಿರಲಿಲ್ಲ. ತಿರುಗಿ ನೋಡಿದರೆ ಮೂವರೂ ನಿಂತಿದ್ದಾರೆ, ಯಾರೂ ನಗುತ್ತಿಲ್ಲ. ಸೋನಾಬಾಯಿ ನನ್ನ ಕೈಯಿಂದ ಚರಿಗೆ ಇಸಿದುಕೊಂಡು, "ಇರು ಬೇ. ನಿನಗ ಸಾಕನ್ಸೂತನಾ ಇರು" ಅಂದರು.

ಅಪೂರ್ವ ಬಟ್ಟೆ ಕಟ್ಟಿಕೊಂಡಿದ್ದಾಳೆ. ನಾಳೆ ಸಮ್ಮೇದ ಕರೆತರುತ್ತಾನೆ. ಈ ಕಾಗದವೂ ಅವಳ ಕೈಯಲ್ಲೇ ಬರುತ್ತದೆ. ಅವಳ ಬಾಣಂತನ ಮುಗಿಯುವವರೆಗೆ ಇಲ್ಲಿ ಎಮ್ಮೆಗೆ ಬೈಯಲು ನಾನಿರುತ್ತೇನೆ. ಅವಳ ಕಾಲಿನ ಬಾವು ನೋಡಿ ಹೆದರಬೇಡ, ಆಸ್ಪತ್ರೆಗೆ ಮಾತ್ರ ಅಂದೇ ಕರೆದುಕೊಂಡು ಹೋಗು.

ದಣಿದರೂ ಹಗುರಾಗಿರುವ ನಿನ್ನ
ಬ್ರಾಹ್ಮಿ

ತಾ.ಕ.: ನಾನು ಬೈದದ್ದನ್ನೆಲ್ಲ ಅಪೂರ್ವ ಕೇಳಿಸಿಕೊಂಡಿದ್ದಾಳೆ, ನಿನ್ನ ಮುಂದೆ ಹೇಳದೆ ಇರಲಾರಳು. ಸಿಟ್ಟಿನ ಮಾತು ಎಂದು ಅರ್ಧಕ್ಕಿಳಿಸಬೇಡ, ಅಷ್ಟೂ ನಿಜ. ಕುಣಾಲರು ಬಂದರೆ ಚಹಾ ಕೊಡು, ಜಗಳ ಆಡಬೇಡ. ಬಾಣಂತನ ಮುಗಿದ ಮೇಲೂ ನಾನು ಸಾಂಗಲಿಗೆ ಹೋಗುವುದಿಲ್ಲ. ಅದನ್ನು ಅವರಿಗೆ ನಾನೇ ಹೇಳುತ್ತೇನೆ, ನಡುವೆ ಎಮ್ಮೆ ಇಲ್ಲದೆ.